ಭಾನುವಾರ ಪಾಠ ಓದೋ ಬಾಯಿ, ಸೋಮವಾರ ಬೈಯೋ ಬಾಯಿ: ಅನುಭವ ಇದ್ದವರು ಹೇಳಿ

ಕೇಳಿದವರು: ಮಂಡಿ ರೈಟರ್, ದಾವಣಗೆರೆ

ಎಲ್ಲರಿಗೂ ವಂದನೆ. ಬರೆಯೋಕೆ ನಾಚಿಕೆ ಆಗ್ತಿದೆ, ಆದ್ರೂ ಬರೀತೀನಿ. ನಾನು ಇಲ್ಲಿ ಎಪಿಎಂಸಿ ಯಾರ್ಡಿನ ಒಂದು ದಲಾಲಿ ಮಂಡಿಯಲ್ಲಿ ಹನ್ನೊಂದು ವರ್ಷದಿಂದ ರೈಟರ್. ತೂಕ ಬರೆಯೋದು, ರೈತರಿಗೆ ಲೆಕ್ಕದ ಚೀಟಿ ಮಾಡೋದು, ಸಂಜೆ ಹಮಾಲರಿಗೆ ಬಟವಾಡೆ ಮಾಡೋದು ನನ್ನ ಕೆಲಸ. ಅಜ್ಜನ ಕಾಲದಿಂದ ನಾವು ಕ್ರೈಸ್ತರು. ಭಾನುವಾರ ಚರ್ಚಿನ ಆರಾಧನೆಯಲ್ಲಿ ಬೈಬಲಿನ ವಾಕ್ಯಪಾಠ ಓದೋದು ಬಹುತೇಕ ನಾನೇ. ಮಂಡೀಲಿ ಇದು ಎಲ್ಲರಿಗೂ ಗೊತ್ತು, ನಾನೂ ಮುಚ್ಚಿಟ್ಟಿಲ್ಲ. ಗೋಡೆಗೆ ಬೈಬಲ್ ವಚನದ ಕ್ಯಾಲೆಂಡರ್ ಹಾಕಿದ್ದೀನಿ.

ಮೆಕ್ಕೆಜೋಳದ ಸುಗ್ಗಿ ಅಂದ್ರೆ ಇಲ್ಲಿಯವರಿಗೆ ಗೊತ್ತಿರುತ್ತೆ, ಕೂರೋಕೆ ಪುರುಸೊತ್ತಿಲ್ಲ. ಅವತ್ತು ಮೋಡ ಬೇರೆ. ತೇವಾಂಶ ಶೇಕಡಾ 14 ದಾಟಿದೆ ಅಂತ ಖರೀದಿದಾರರು ಒಂದು ಲಾಟನ್ನೇ ಕೈಬಿಟ್ರು. ಆ ರೈತ ನನ್ನ ಮೇಲೆ ಕೂಗಾಡಿದ, ಮಾಲೀಕರು ಫೋನಲ್ಲಿ ಕೂಗಾಡಿದ್ರು. ಅದೇ ಹೊತ್ತಿಗೆ ನಮ್ಮ ಹಮಾಲರಲ್ಲಿ ಒಬ್ಬ ಕೊಕ್ಕೆ ಹಾಕಿ ಎಳೆದಾಗ ಚೀಲ ಉದ್ದಕ್ಕೆ ಹರಿದು ಕಾಳೆಲ್ಲಾ ನೆಲಕ್ಕೆ ಸುರೀತು. ನನ್ನ ಬಾಯಿಂದ ಬಂದದ್ದನ್ನು ಇಲ್ಲಿ ಬರೆಯೋಕಾಗಲ್ಲ. ಅವನ ತಾಯಿಯನ್ನೂ ಸೇರಿಸಿದೆ. ಹತ್ತು ಹನ್ನೆರಡು ಜನ ನಿಂತಿದ್ರು.

ಅವನು ನನಗಿಂತ ಹತ್ತು ವರ್ಷಕ್ಕೆ ದೊಡ್ಡವನು. ಮಳೆಗಾಲದಲ್ಲಿ ಅವನ ಮಗನಿಗೆ ಡೆಂಗೆ ಆಗಿ ಪ್ಲೇಟ್‌ಲೆಟ್ ಇಳಿದಿದ್ದಾಗ ಆಸ್ಪತ್ರೆಗೆ ಹೋಗಿ ಮಂಚದ ಪಕ್ಕ ನಿಂತು ಪ್ರಾರ್ಥನೆ ಮಾಡಿ ಬಂದವನು ನಾನು. ಅವತ್ತು ಅವನ ಹೆಂಡತಿ ಅಳ್ತಾ ಕೈ ಮುಗಿದಿದ್ಲು. ಈಗ ಅವನು ಕೊಕ್ಕೆ ಕೆಳಗಿಟ್ಟ, ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡ. ದನಿ ಏರಿಸದೇ ಹೇಳಿದ: "ರೈಟ್ರೇ, ಇನ್ಮ್ಯಾಲೆ ನನ್ ಮಗಂಗೆ ಪ್ರಾರ್ಥನೆ ಮಾಡಬ್ಯಾಡ್ರಿ. ಅದನ್ನೂ ಇದೇ ಬಾಯಾಗೇ ಅಲ್ವಾ ನೀವು ಮಾಡದು."

ಅವತ್ತಿಂದ ಪಾಠ ಓದೋಕೆ ನಿಂತ್ರೆ ನಾಲಿಗೆ ತಡವರಿಸುತ್ತೆ. ಮುಂಗೋಪ ನನ್ನ ಹುಟ್ಟುಗುಣ, ನಮ್ಮಪ್ಪಂದೂ ಹಿಂಗೇ. ಸ್ವಭಾವ ಬದಲಾಗುತ್ತಾ? ನಮ್ಮ ನಡತೆಯೇ ನಂಬಿಕೆಗೆ ಸಾಕ್ಷಿ ಅಂತೀವಲ್ಲ, ಹಂಗೆ ಕೆಟ್ಟುಹೋದ ಸಾಕ್ಷಿಯನ್ನ ಸರಿಮಾಡಿಕೊಂಡವರು ಯಾರಾದ್ರೂ ಇದ್ದೀರಾ? ಚರ್ಚಿನ ಉಪದೇಶದಂಥ ಪ್ರಸಂಗ ಬೇಡ, ನಿಮಗೆ ಆದದ್ದು ಹೇಳಿ.

ನಿವೃತ್ತ ಸ್ಟಾಫ್ ನರ್ಸ್, ಚಿತ್ರದುರ್ಗ

ತಮ್ಮಾ, ನನಗೆ ಆದದ್ದನ್ನೇ ಹೇಳ್ತೀನಿ. ಮೂವತ್ತೊಂದು ವರ್ಷ ಕೆಲಸ ಮಾಡಿದೆ, ಅದರಲ್ಲಿ ಮೊದಲ ಹದಿನೈದು ವರ್ಷ ವಾರ್ಡಿನಲ್ಲಿ ನನ್ನ ಹೆಸರು "ಸಿಡುಕಿ ಸಿಸ್ಟರ್". ಕೆಲಸದಲ್ಲಿ ಒಂದು ಚೂರೂ ಕಮ್ಮಿ ಮಾಡ್ತಿರಲಿಲ್ಲ. ಇಂಜೆಕ್ಷನ್ ಟೈಮಿಗೆ, ಡ್ರೆಸ್ಸಿಂಗ್ ಟೈಮಿಗೆ. ಬಾಯಿ ಮಾತ್ರ ಹರಿದ ತಮಟೆ.

ಒಂದು ರಾತ್ರಿ ಹೊಳಲ್ಕೆರೆ ಕಡೆಯ ಒಂದು ಅಜ್ಜಿ ಮೂರನೇ ಸಲ ಹಾಸಿಗೆ ಒದ್ದೆ ಮಾಡಿಕೊಂಡ್ಲು. ನಾನು ಬೆಡ್‌ಶೀಟ್ ಬದಲಾಯಿಸಿದೆ, ಮೈ ಒರೆಸಿದೆ, ಒಣಗಿದ ಸೀರೆ ಉಡಿಸಿದೆ. ಉದ್ದಕ್ಕೂ ವಟವಟ. "ಹೇಳೋಕೆ ಬಾಯಿ ಇಲ್ವಾ, ನಾವೇನು ಮನುಷ್ಯರಲ್ವಾ" ಅಂತ. ಅಜ್ಜಿ ಗೋಡೆ ಕಡೆ ತಿರುಗಿ ಮಲಗಿಬಿಟ್ಲು. ಪಕ್ಕದ ಮಂಚದ ಬಾಣಂತಿಯ ತಾಯಿ ಎಲೆಅಡಿಕೆ ಹಾಕಿಕೊಳ್ತಾ ಅಂದ್ರು: "ಸಿಸ್ಟರಮ್ಮಾ, ನಿಮ್ ಕೈ ತಾಯಿ ಕೈ. ಬಾಯಿ ಮಾತ್ರ ಅತ್ತಿ ಬಾಯಿ."

ಅದು ಬೈಗುಳವಲ್ಲ, ಹೊಗಳಿಕೆಯೂ ಅಲ್ಲ. ಆದ್ರೆ ಯಾವ ಪ್ರಸಂಗವೂ ಚುಚ್ಚದ ಜಾಗಕ್ಕೆ ಚುಚ್ಚಿತು. ಅಜ್ಜಿಗೆ ಒಣ ಸೀರೆ ಸಿಕ್ಕಿತು, ಮಾನ ಹೋಯ್ತು. ಎರಡನ್ನೂ ಕೊಟ್ಟವಳು ನಾನೇ.

ಆಮೇಲೆ ನಾನೇನು ಶಾಂತಮೂರ್ತಿ ಆಗಲಿಲ್ಲ. ಒಂದು ನಿಯಮ ಮಾತ್ರ ಮಾಡಿಕೊಂಡೆ. ರೋಗಿಯ ಮೈ ಮುಟ್ಟಿದ ಕೈ ತೆಗೆಯೋವರೆಗೆ ತುಟಿ ಬಿಚ್ಚಬಾರದು. ಬೆಡ್‌ಶೀಟಿನ ನಾಲ್ಕು ಮೂಲೆ ಮಡಚೋವಷ್ಟರಲ್ಲಿ ಅರ್ಧ ಸಿಟ್ಟು ಇಳಿಯುತ್ತೆ. ಉಳಿದರ್ಧವನ್ನ ಡ್ಯೂಟಿ ರೂಮಲ್ಲಿ ಸ್ಟೀಲ್ ಟ್ರೇ ಮೇಲೆ ತೀರಿಸಿಕೊಳ್ತಿದ್ದೆ. ಈಗಲೂ ಮನೇಲಿ ಕುಕ್ಕರ್ ಜೊತೆ ಜಗಳ ಆಡ್ತೀನಿ, ಮೊಮ್ಮಕ್ಕಳು ನಗ್ತಾರೆ. ಸ್ವಭಾವ ಬದಲಾಗುತ್ತಾ ಅಂತ ಕೇಳಿದ್ರಲ್ಲ, ನಂದು ಬದಲಾಗಲಿಲ್ಲ ತಮ್ಮಾ, ಅದಕ್ಕೆ ಬಾಗಿಲು ಇಟ್ಟೆ ಅಷ್ಟೇ. ಯೇಸು ಶಿಷ್ಯರಾಗಿ ಆರಿಸಿಕೊಂಡವರಲ್ಲಿ ಗುಡುಗಿನ ಮಕ್ಕಳು ಅಂತ ಅಡ್ಡಹೆಸರಿದ್ದ ಅಣ್ಣತಮ್ಮಂದಿರಿದ್ರು. ಪೇತ್ರನಂತೂ ಕತ್ತಿ ಹಿರಿದು ಒಬ್ಬನ ಕಿವಿ ಕತ್ತರಿಸಿದವನು. ಆ ಗಾಯ ವಾಸಿ ಮಾಡಿದ್ದು ಯೇಸು ಅನ್ನೋದು ನಿಮಗೆ ಗೊತ್ತು.

ಇನ್ನೊಂದು ಮಾತು. ಬೈದದ್ದು ಹತ್ತು ಜನರ ಎದುರಿಗೆ, ತಪ್ಪಾಯ್ತು ಅನ್ನೋದು ಟೀ ಅಂಗಡಿ ಮೂಲೇಲಿ ಆದ್ರೆ ಲೆಕ್ಕ ಹೊಂದಲ್ಲ. ನೀವು ಲೆಕ್ಕ ಬರೆಯೋರು, ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹರಿಹರದಿಂದ ಒಬ್ಬ ಕ್ಯಾಥೊಲಿಕ್

ಸೆಪ್ಟೆಂಬರ್ 8ಕ್ಕೆ ನಮ್ಮ ಆರೋಗ್ಯ ಮಾತೆಯ (ಮೇರಿ ಮಾತೆಯ) ಹಬ್ಬಕ್ಕೆ ಬಂದವರಿಗೆ ಗೊತ್ತು, ಬರೋರಲ್ಲಿ ಎಷ್ಟೋ ಜನ ಕ್ರೈಸ್ತರೇ ಅಲ್ಲ. ಹರಕೆ ಹೊತ್ತವರು, ಮಗು ಎತ್ತಿಕೊಂಡು ಬಂದವರು, ಸುಮ್ಮನೆ ಮೇಣದಬತ್ತಿ ಹಚ್ಚಿ ಹೋಗೋಕೆ ಬಂದವರು. ನಾನು ಎಷ್ಟೋ ವರ್ಷ ಅಲ್ಲಿ ಸಾಲು ನೋಡಿಕೊಳ್ಳೋ ಸ್ವಯಂಸೇವಕ. ಎದೆಗೆ ಬ್ಯಾಡ್ಜ್, ಕೈಯಲ್ಲಿ ಹಗ್ಗ. ಹಗ್ಗ ಕೈಗೆ ಬಂದ್ರೆ ಮನುಷ್ಯನಿಗೆ ಏನಾಗುತ್ತೋ ಗೊತ್ತಿಲ್ಲ.

ಒಂದು ವರ್ಷ ನಮ್ಮ ಅತ್ತಿಗೆಯ ತವರಿನವರು ಬಂದ್ರು, ಆರೇಳು ಜನ. ಹಗ್ಗ ಎತ್ತಿ ಒಳಗೆ ಬಿಟ್ಟೆ. ಸಾಲಲ್ಲಿ ಮೂರು ಗಂಟೆಯಿಂದ ನಿಂತಿದ್ದ ರಾಣೆಬೆನ್ನೂರು ಕಡೆಯ ಹೆಂಗಸೊಬ್ಬಳು, ಹಣೆ ತುಂಬ ವಿಭೂತಿ, ಸೊಂಟದ ಮೇಲೆ ಮಗು. ಕೇಳಿದ್ಲು: "ಯಣ್ಣಾ, ಈ ತಾಯಿ ಹಂತೇಕೂ ವಶೀಲಿ ನಡೀತೈತೇನು?"

ಸಿಟ್ಟಿಲ್ಲ, ನಿಜವಾಗಿಯೂ ತಿಳಿದುಕೊಳ್ಳೋಕೆ ಕೇಳಿದ ಹಾಗೆ. ನಾನು ಏನೋ ಗೊಣಗಿ ಬೇರೆ ಕಡೆ ಹೋದೆ. ಆಕೆಗೆ ಉತ್ತರ ಕೊಡಲಿಲ್ಲ, ಆಕೆ ಮತ್ತೆ ಸಿಗಲೂ ಇಲ್ಲ. ಮುಂದಿನ ವರ್ಷದಿಂದ ನಮ್ಮ ಮನೆಯವರೇ ಬಂದ್ರೂ ಸಾಲಿನ ಬಾಲಕ್ಕೆ ಕಳಿಸ್ತೀನಿ. ಅತ್ತಿಗೆ ಒಂದು ವರ್ಷ ಮಾತು ಬಿಟ್ಟಿದ್ರು. ನಿಮಗೆ ಆ ಹಮಾಲ ದಿನಾ ಕಣ್ಣಿಗೆ ಬೀಳ್ತಾನೆ, ತಪ್ಪಾಯ್ತು ಅನ್ನೋಕೆ ಜಾಗ ಇದೆ. ನನಗೆ ಅದೂ ಇಲ್ಲ.

ಹಳೇ ದಾವಣಗೆರೆಯ ಗೃಹಿಣಿ (ನಾನು ಕ್ರೈಸ್ತಳಲ್ಲ)

ನೀವು ನೀವೇ ಮಾತಾಡಿಕೊಳ್ತಿದ್ದೀರಿ, ನಡುವೆ ಬಾಯಿ ಹಾಕ್ತಿದ್ದೀನಿ. ನಿಮ್ಮನ್ನ ನೋಡೋರು ನಾವಲ್ವಾ? ನೋಡೋರದ್ದೂ ಕೇಳಿ.

ನಮ್ಮ ಓಣಿಯಲ್ಲಿ ನಿಮ್ಮವರ ಎರಡು ಮನೆ. ಒಂದು ಮನೆಯವರು ಎದುರಿಗೆ ಸಿಕ್ಕಾಗೆಲ್ಲಾ ನಗ್ತಾರೆ, "ದೇವರು ಒಳ್ಳೇದು ಮಾಡ್ಲಿ" ಅಂತಾರೆ, ಮಕ್ಕಳ ಕೈಗೆ ಬಣ್ಣದ ಪುಸ್ತಕ ಕೊಡ್ತಾರೆ. ಶುಕ್ರವಾರ ಉಪವಾಸ ಕೂಟ ಅಂತ ಜನ ಬಂದ್ರೆ ಬೈಕುಗಳೆಲ್ಲಾ ನಮ್ಮ ಗೇಟಿಗೆ ಅಡ್ಡ. ನಮ್ಮ ಮಾವನಿಗೆ ಎದೆನೋವು ಬಂದ ರಾತ್ರಿ ಆಟೋ ಒಳಗೆ ಬರೋಕೆ ಆಗದೇ ಕೈಯಲ್ಲೇ ಎತ್ತಿಕೊಂಡು ಹೋದ್ವಿ. ಮಾರನೇ ದಿನ ಅವರು ಹಣ್ಣು ತಂದು "ಪ್ರಾರ್ಥನೆ ಮಾಡಿದ್ವಿ" ಅಂದ್ರು. ಬೈಕಿನ ಮಾತೇ ಇಲ್ಲ. ಹಣ್ಣು ಇಸ್ಕೊಂಡೆ. ತಿನ್ನೋಕೆ ಮನಸ್ಸಾಗಲಿಲ್ಲ.

ಇನ್ನೊಂದು ಮನೆಯ ಆಂಟಿ ನಗೋದೇ ಅಪರೂಪ. ಮುಖ ಗಂಟು, ಮಾತು ಮೊಟಕು. ಮೊದಮೊದಲು ಪೂಜೆಯ ಪ್ರಸಾದ ಕೊಡೋಕೆ ಹೋದಾಗ "ನಾವು ತಿನ್ನಲ್ಲ ಕಣಮ್ಮಾ, ಬೇಜಾರು ಮಾಡ್ಕೋಬೇಡ, ಒಳಗೆ ಬಾ, ಕಾಫಿ ಕುಡ್ಕೊಂಡು ಹೋಗು" ಅಂದ್ರು. ಬೇಜಾರಾಗಿದ್ದು ನಿಜ. ಆದ್ರೆ ಅದೇ ಮೊದಲ ಮನೆಯವರು ನಗ್ತಾ ಪ್ರಸಾದ ಇಸ್ಕೊಂಡು ಆಮೇಲೆ ಚರಂಡಿಗೆ ಹಾಕಿದ್ದನ್ನ ನಮ್ಮ ಕೆಲಸದವಳು ನೋಡಿದ್ಲು. ಯಾವುದು ಮರ್ಯಾದೆ ಅನ್ನೋದು ನನಗೆ ಅವತ್ತು ಗೊತ್ತಾಯ್ತು.

ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ನಮ್ಮ ಕಡೆ ಅದು ಹೇಗೆ ಅಂತ ಊರಿನವರಿಗೆ ಹೇಳಬೇಕಾಗಿಲ್ಲ, ಒಂದೊಂದು ಮನೆಗೂ ಮೂವತ್ತು ನಲವತ್ತು ಜನ ನೆಂಟರು. ಒಂದು ಜಾತ್ರೆಗೆ ನಮ್ಮ ಮೋಟಾರ್ ಸುಟ್ಟು ಹೋಯ್ತು. ಓಣಿಯ ಹುಡುಗರು ಪಟ್ಟಿ ಎತ್ತೋಕೆ ಹೋದಾಗ ಆಂಟಿ ದುಡ್ಡು ಕೊಟ್ಟಿರಲಿಲ್ಲ, ಅದೇ ಮೊಟಕು ಮಾತಲ್ಲಿ ಆಗಲ್ಲ ಅಂದಿದ್ರು. ನಾಲ್ಕು ಜನ ಆಡಿಕೊಂಡಿದ್ರು, ನಾನೂ ಸೇರಿದ್ದೆ. ಬೆಳಿಗ್ಗೆ ಐದಕ್ಕೆ ಬಾಗಿಲು ತಟ್ಟಿದ ಸದ್ದು. ಆಂಟಿ, ಕೈಯಲ್ಲಿ ಬೀಗದ ಕೈ. "ಸಂಪಿನ ಮುಚ್ಚಳ ತೆಗೆದಿಟ್ಟಿದ್ದೀನಿ. ಮಹಡಿ ಮೇಲಿನ ರೂಮು ಖಾಲಿ ಐತೆ, ಗಂಡಸರು ಮಲಗ್ಲಿ. ಪೈಪು ವಾಪಸ್ ಸುತ್ತಿಡ್ರಿ, ಇಲ್ಲಾಂದ್ರೆ ನಮ್ಮನೆಯವರು ಕೂಗಾಡ್ತಾರೆ." ಅಷ್ಟೇ. ಎರಡು ದಿನ ಅವರ ಸಂಪಿನ ನೀರಲ್ಲಿ ನಮ್ಮ ಹಬ್ಬ ಆಯ್ತು.

ನಿಮ್ಮ ಭಾಷೇಲಿ ಇದಕ್ಕೇನಂತೀರೋ ಗೊತ್ತಿಲ್ಲ. ಆಂಟಿ ಒಂದು ದಿನವೂ ನನಗೆ ಯೇಸುವಿನ ಮಾತು ಹೇಳಿಲ್ಲ. ಒಂದು ಸಲ ನಾನೇ ಕೇಳಿದೆ, ನೀವು ಭಾನುವಾರ ಅಲ್ಲಿ ಏನು ಮಾಡ್ತೀರಿ ಅಂತ. ಆಗ ಅರ್ಧ ಗಂಟೆ ಮಾತಾಡಿದ್ರು! ಅಷ್ಟು ಮಾತು ಆ ಬಾಯಲ್ಲಿತ್ತು ಅಂತ ನನಗೇ ಆಶ್ಚರ್ಯ.

ನಗುಮುಖ ಇಲ್ಲ, ಮುಂಗೋಪ ಅಂತ ರೈಟರ್ ಅಣ್ಣ ಚಿಂತೆ ಮಾಡಬೇಡಿ. ನಮಗೆ ಬೇಕಾದದ್ದು ಅದಲ್ಲ.

ಬ್ಯಾಂಕ್ ಗುಮಾಸ್ತೆ, ದಾವಣಗೆರೆ

ಮೇಲಿನ ಅಕ್ಕ ಹೇಳಿದ ಆಂಟಿಯ ಥರದವಳೇ ನಾನು, ಆದ್ರೆ ನನ್ನ ಕಥೆ ಬೇರೆ. ನನಗೆ ಮಾತು ಬರಲ್ಲ. ಆಫೀಸಲ್ಲಿ ಹರಟೆ, ಚಾಡಿ ಯಾವುದಕ್ಕೂ ಸೇರ್ತಿರಲಿಲ್ಲ. ಮಧ್ಯಾಹ್ನ ಡಬ್ಬಿ ತೆಗೆದು ನನ್ನ ಟೇಬಲ್‌ನಲ್ಲೇ ಉಣ್ತಿದ್ದೆ. ನನ್ನ ಸುಮ್ಮನಿರುವಿಕೆಯೇ ಒಳ್ಳೇ ಸಾಕ್ಷಿ ಅಂತ ಒಳಗೊಳಗೇ ಅಂದುಕೊಂಡಿದ್ದೆ. ಮೂರು ವರ್ಷ ಆದ ಮೇಲೆ ಗೊತ್ತಾಯ್ತು, ಹಿಂದಿನಿಂದ ನನ್ನನ್ನ "ಮಹಾರಾಣಿ" ಅಂತ ಕರೀತಾರಂತೆ. "ನಮ್ಮ ಜೊತೆ ಉಂಡ್ರೆ ಅವಳ ದೇವರಿಗೆ ಮೈಲಿಗೆ ಆಗುತ್ತೆ" ಅಂತಾನೂ.

ಅತ್ತುಬಿಟ್ಟೆ. ಆಮೇಲೆ ಡಬ್ಬಿ ಎತ್ತಿಕೊಂಡು ಹೋಗಿ ಅವರ ನಡುವೆ ಕೂತೆ. ಈಗಲೂ ಜಾಸ್ತಿ ಮಾತಾಡಲ್ಲ. ಚಟ್ನಿಪುಡಿ ದಾಟಿಸ್ತೀನಿ, ಯಾರದ್ದೋ ಮಗಳ ಪರೀಕ್ಷೆ ಹೇಗಾಯ್ತು ಅಂತ ಕೇಳ್ತೀನಿ. ಚಾಡಿ ಶುರುವಾದ್ರೆ ನೀರು ತರೋಕೆ ಏಳ್ತೀನಿ, ನನ್ನ ಬಾಟಲಿ ದಿನಕ್ಕೆ ಐದು ಸಲ ಖಾಲಿಯಾಗುತ್ತೆ. ಯೋಹಾನನ ಸುವಾರ್ತೆ ಮೊದಲ ಅಧ್ಯಾಯದಲ್ಲಿ ಅಂದ್ರೆಯ ಬರ್ತಾನಲ್ಲ, ಒಡಹುಟ್ಟಿದ ಪೇತ್ರನನ್ನ ಕರಕೊಂಡು ಬಂದು ಯೇಸುವಿನ ಮುಂದೆ ನಿಲ್ಲಿಸ್ತಾನೆ, ಆಮೇಲೆ ಮಾತೆಲ್ಲಾ ಪೇತ್ರನದ್ದೇ. ನನ್ನಂಥವರಿಗೆ ಅವನು ಸಾಕು.

ಮೆಡಿಕಲ್ ರೆಪ್, ದಾವಣಗೆರೆ–ಚಿತ್ರದುರ್ಗ ಲೈನ್

ಒಂದು ಮಾತು ಹೇಳ್ಲಾ? ಇದೆಲ್ಲಾ ಓದಿ ನನಗೆ ಉಸಿರು ಕಟ್ಟುತ್ತೆ. ಪಕ್ಕದ ಮಂಡಿ ರೈಟರ್ ಬೈದ್ರೆ ಬೈದ, ಮುಗೀತು. ನಮ್ಮವನು ಬೈದ್ರೆ ಕ್ರಿಸ್ತನಿಗೇ ಕೆಟ್ಟ ಹೆಸರು. ನಾನು ಡಾಕ್ಟರ್ ಕ್ಲಿನಿಕ್ ಹೊರಗೆ ಎರಡೆರಡು ಗಂಟೆ ಕಾಯ್ತೀನಿ, ಬೇರೆ ರೆಪ್‌ಗಳು ಕಾಂಪೌಂಡರ್ ಜೊತೆ ಜಗಳ ಆಡ್ತಾರೆ. ನಾನು ಒಂದು ಸಲ ದನಿ ಏರಿಸಿದ್ದಕ್ಕೆ "ಏನ್ ಸಾರ್, ಚರ್ಚಿಗೆ ಹೋಗೋರು ನೀವು" ಅಂದ. ನಾವೇನು ಇಪ್ಪತ್ತನಾಲ್ಕು ಗಂಟೆ ಷೋರೂಮ್ ಗೊಂಬೆಗಳಾ? ಸುಸ್ತಾದ್ರೆ ಸುಸ್ತು, ಸಿಟ್ಟು ಬಂದ್ರೆ ಸಿಟ್ಟು. ಬ್ರದರ್, ನೀವು ಮನುಷ್ಯರು. ಸಾರಿ ಹೇಳಿ, ಮುಂದೆ ಹೋಗಿ. ಹಮಾಲರು ದಿನಕ್ಕೆ ನೂರು ಬೈಗುಳ ಕೇಳಿರ್ತಾರೆ.

ಒಬ್ಬ ಓದುಗ ಹೆಣ್ಣುಮಗಳು

ನೂರು ಬೈಗುಳ ಕೇಳಿರ್ತಾರೆ, ಹೌದು. ನಮ್ಮಪ್ಪ ಹಮಾಲಿ ಮಾಡಿದವರು. ಬೈಗುಳಕ್ಕೆ ಅವರು ಮನೇಲಿ ಸಿಟ್ಟಾಗಿದ್ದು ನಾನು ನೋಡಿಲ್ಲ.

ರೈಟರ್ ಸರ್, ಒಂದೇ ಪ್ರಶ್ನೆ. ಹರಿದ ಚೀಲದ ದುಡ್ಡು ಅವತ್ತಿನ ಬಟವಾಡೆಯಲ್ಲಿ ಹಿಡ್ಕೊಂಡ್ರಾ?

ಕೇಳಿದವರು: ಮಂಡಿ ರೈಟರ್

ಉತ್ತರ ಬರೆಯೋಕೆ ಎರಡು ದಿನ ಆಯ್ತು. ಹೌದು, ಹಿಡ್ಕೊಂಡೆ.

300 ರೂಪಾಯಿ. ಮಾಲೀಕರು ಹೇಳಿರಲಿಲ್ಲ. ಸಿಟ್ಟಿನ ಭರದಲ್ಲಿ ನಾನೇ ಬಟವಾಡೆ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ "ಚೀಲ ಕಡಿತ" ಅಂತ ಬರೆದೆ. ಕೆಳಗೆ ಬಿದ್ದ ಕಾಳು ಹೆಚ್ಚಂದ್ರೆ ಆರೇಳು ಕೆಜಿ, ಅದರಲ್ಲೂ ಬಹುಪಾಲು ಬಳಿದು ಕೇರಿ ತುಂಬಿದ್ವಿ. ಅವತ್ತಿನ ರೇಟಿಗೆ ಪೂರ್ತಿ ಮಣ್ಣಾಗಿದ್ರೂ 150 ದಾಟ್ತಿರಲಿಲ್ಲ. ಖಾಲಿ ಚೀಲ ಮೊದಲೇ ಎರಡು ಕಡೆ ಹೊಲಿದಿದ್ದು.

ನಿಜ ಹೇಳ್ತೀನಿ, ಮೊದಲ ಸಲ ಇಲ್ಲಿ ಬರೆದಾಗ ಇದನ್ನ ಮುಚ್ಚಿಟ್ಟಿರಲಿಲ್ಲ. ನೆನಪೇ ಬರಲಿಲ್ಲ. ಬೈದದ್ದು ಮೂರು ವಾರದಿಂದ ಎದೆಯಲ್ಲಿ ಕುಟುಕ್ತಾ ಇತ್ತು, ಕಡಿತ ಒಂದು ಸಲವೂ ಕುಟುಕಲಿಲ್ಲ. ಅದು ಲೆಕ್ಕದ ಪುಸ್ತಕದಲ್ಲಿ ನೀಟಾಗಿ ಕೂತಿತ್ತು.

ಸಭಾಪಾಲಕರು (ಚರ್ಚಿನ ಪಾಸ್ಟರ್), ಚಳ್ಳಕೆರೆ ಸೀಮೆ

ಪ್ರಸಂಗ ಬೇಡ ಎಂದಿದ್ದೀರಿ, ಹಾಗಾಗಿ ಇಷ್ಟು ದಿನ ಬರೆಯಲಿಲ್ಲ. ನನ್ನದೇ ಪೆದ್ದುತನದಿಂದ ಶುರು ಮಾಡುತ್ತೇನೆ.

ಸೇವೆಗೆ ಬಂದ ಹೊಸದರಲ್ಲಿ ಬಾಡಿಗೆ ಮನೆಯ ಮಾಲೀಕರಿಗೆ ನಾನು ಮೂರು ತಿಂಗಳ ಬಾಡಿಗೆ ಬಾಕಿ ಇಟ್ಟಿದ್ದೆ. ಅವರೊಡನೆ ಒಂದು ದಿನ ಮಾತಿಗೆ ಮಾತು ಬೆಳೆದು ಒರಟಾಗಿ ನಡೆದುಕೊಂಡೆ. ಮರುದಿನ ಕ್ಷಮೆ ಕೇಳಲು ಹೋದೆ. ಕೈಯಲ್ಲಿ ಏನಿತ್ತು ಗೊತ್ತೇ? ಹೊಸ ಒಡಂಬಡಿಕೆಯ ಒಂದು ಪ್ರತಿ, ಬಣ್ಣದ ಕಾಗದ ಸುತ್ತಿ. ಅವರು ಕಾಗದ ಬಿಚ್ಚಿ ನೋಡಿ, ಮತ್ತೆ ಹಾಗೆಯೇ ಸುತ್ತಿ ವಾಪಸ್ ಕೊಟ್ಟರು. "ಅಯ್ಯನವರೇ, ಇದು ಆಮೇಲೆ ಕೊಡ್ರಿ. ಮೊದ್ಲು ಬಾಡಿಗಿ ಕೊಡ್ರಿ" ಎಂದರು. ಬಾಡಿಗೆ ಕೊಟ್ಟೆ. ಪುಸ್ತಕವನ್ನು ಅವರು ಕೊನೆಗೂ ಕೇಳಲಿಲ್ಲ, ನಾನೂ ಕೊಡಲಿಲ್ಲ. ಆ ಪ್ರತಿ ಇನ್ನೂ ನನ್ನ ಕಪಾಟಿನಲ್ಲಿದೆ, ಅದೇ ಕಾಗದದಲ್ಲಿ.

ಆದುದರಿಂದ, ರೈಟರ್ ತಮ್ಮಾ, ದುಡ್ಡು ಕೊಡುವಾಗ ಕರಪತ್ರ ಬೇಡ, ವಾಕ್ಯ ಬೇಡ, ಸಭೆಗೆ ಬಾ ಎಂಬ ಆಹ್ವಾನ ಬೇಡ. ಲೂಕನ ಸುವಾರ್ತೆ 19ರಲ್ಲಿ ಸುಂಕದವನಾದ ಜಕ್ಕಾಯನು ನಾಲ್ಕರಷ್ಟು ಹಿಂದೆ ಕೊಡುತ್ತೇನೆ ಎಂದನಲ್ಲ ಎಂದು ನೀವು 1200 ಎಣಿಸಿಕೊಂಡು ಹೋದರೂ ನಾನು ಬೇಡವೆನ್ನುತ್ತೇನೆ. ಜಕ್ಕಾಯನದು ಊರನ್ನೇ ಸುಲಿದ ಲೆಕ್ಕ. ನೀವು ನಾಲ್ಕರಷ್ಟು ಕೊಟ್ಟರೆ ಅದು ನಿಮ್ಮ ದೊಡ್ಡತನದ ಮೆರವಣಿಗೆಯಾಗುತ್ತದೆ, ಅವನು ಮತ್ತೆ ಕೈಚಾಚಿ ನಿಂತವನಾಗುತ್ತಾನೆ. ಅವನದು 300. ಅವನದನ್ನು ಅವನಿಗೆ ಕೊಡಿ, ಯಾವ ಪುಸ್ತಕದಲ್ಲಿ ಕಡಿತ ಬರೆದಿರೋ ಅದೇ ಪುಸ್ತಕದಲ್ಲಿ ವಾಪಸ್ ಎಂದೂ ಬರೆಯಿರಿ. ಕೂಲಿಯವನ ಕೂಲಿಯನ್ನು ಬೆಳಗಿನವರೆಗೂ ಇಟ್ಟುಕೊಳ್ಳಬೇಡ ಎಂದು ಯಾಜಕಕಾಂಡ 19ರಲ್ಲಿದೆ. ಹಿಡಿದಿಟ್ಟ ಕೂಲಿಯೇ ಕೂಗುತ್ತದೆ ಎನ್ನುತ್ತದೆ ಯಾಕೋಬನ ಪತ್ರಿಕೆ, 5ನೆಯ ಅಧ್ಯಾಯ. ನಾಲಿಗೆಯ ಬಗ್ಗೆ ಅಷ್ಟು ಕಟುವಾಗಿ ಬರೆದದ್ದೂ ಅದೇ ಯಾಕೋಬ. ನಾವು 3ನೆಯ ಅಧ್ಯಾಯದ ಮೇಲೆ ನೂರು ಪ್ರಸಂಗ ಮಾಡುತ್ತೇವೆ. 5ಕ್ಕೆ ಬರುವುದರೊಳಗೆ ಸಮಯ ಮುಗಿದಿರುತ್ತದೆ. ನಾನೂ ಅದರಲ್ಲಿ ಒಬ್ಬ.

ಮೆಡಿಕಲ್ ರೆಪ್ ಹುಡುಗನ ಸಂಕಟ ನನಗೆ ಅರ್ಥವಾಗುತ್ತದೆ, ಅದನ್ನು ತಳ್ಳಿಹಾಕಬೇಡಿ. ನಮ್ಮ ಜಿಲ್ಲೆಯಲ್ಲಿ ಅದಕ್ಕೆ ಕಾರಣವೂ ಇದೆ. 2021ರಲ್ಲಿ ಹೊಸದುರ್ಗದ ಆಗಿನ ಶಾಸಕರು ತಮ್ಮ ತಾಯಿಯನ್ನೇ ಮತಾಂತರ ಮಾಡಿದ್ದಾರೆ ಎಂದು ವಿಧಾನಸಭೆಯಲ್ಲಿ ಹೇಳಿದರು, ಮರುವರ್ಷ ರಾಜ್ಯದಲ್ಲಿ ಮತಾಂತರ ತಡೆಯ ಕಾಯ್ದೆಯೂ ಬಂತು. ಆ ದಿನಗಳಲ್ಲಿ ನಾನು ಒಂದು ಮನೆಗೆ ಸಾವಿಗೆ ಮಾತನಾಡಿಸಲು ಹೋದರೂ ಹೊರಗೆ ಇಬ್ಬರು ನಿಂತು ನೋಡುತ್ತಿದ್ದರು. ನಾವು ನಕ್ಕರೆ ಯಾಕೆ ನಕ್ಕ, ಅಕ್ಕಿ ಕೊಟ್ಟರೆ ಯಾಕೆ ಕೊಟ್ಟ ಎಂಬ ಅನುಮಾನ. ಸಂವಿಧಾನದ 25ನೆಯ ವಿಧಿ ನಂಬುವ, ಆಚರಿಸುವ, ಸಾರುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ, ನಿಜ. ಆದರೆ ನೆರೆಯವರ ನಂಬಿಕೆಯನ್ನು ಯಾವ ವಿಧಿಯೂ ತಂದುಕೊಡುವುದಿಲ್ಲ. ಒಬ್ಬನ ತಪ್ಪನ್ನು ಇಡೀ ಸಭೆಯ ತಲೆಗೆ ಕಟ್ಟುವುದು ಅನ್ಯಾಯವೇ. ಆದರೂ ಮಗನೇ, ಆ ಕಾಂಪೌಂಡರ್ ನಿನ್ನಿಂದ ಒಳ್ಳೆಯದನ್ನು ನಿರೀಕ್ಷಿಸಿದ ಎಂಬುದನ್ನು ಸ್ವಲ್ಪ ಯೋಚಿಸು. ಅದನ್ನು ಅವನ ಮನಸ್ಸಿನಲ್ಲಿ ಹುಟ್ಟಿಸಿದವರು ಯಾರೋ ನಿನಗಿಂತ ಮುಂಚೆ ಇಲ್ಲಿ ಬದುಕಿ ಹೋಗಿದ್ದಾರೆ.

ಪ್ರತಿ ವರ್ಷ ಜುಲೈ 1ಕ್ಕೆ ನಮ್ಮೂರುಗಳಲ್ಲೂ ಪತ್ರಿಕಾ ದಿನಾಚರಣೆ ಮಾಡುತ್ತಾರೆ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ತೆಗೆದ ಮೋಗ್ಲಿಂಗ್ ಮಿಷನರಿಯಾಗಿದ್ದ, ಎಲ್ಲರಿಗೂ ಗೊತ್ತು. 1894ರ ನಿಘಂಟಿನ ಕಿಟೆಲ್ ಕೂಡ. ಅವರ ಪ್ರಸಂಗಗಳಲ್ಲಿ ಒಂದು ಸಾಲಾದರೂ ಯಾರಿಗೆ ನೆನಪಿದೆ? ಪದ ಪದ ಕೂಡಿಸಿದ ತಾಳ್ಮೆ ನೆನಪಿದೆ.

ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ಒಳ್ಳೆಯ ನಡತೆ ನಮ್ಮ ಸಭೆಯ ಸ್ವತ್ತಲ್ಲ. ನಮ್ಮ ತಾಲ್ಲೂಕಿನ ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿಗಳ "ಮಾಡಿದಷ್ಟು ನೀಡು ಭಿಕ್ಷೆ" ಎಂಬ ಮಾತನ್ನು ಚಿಕ್ಕ ಹುಡುಗರೂ ಹೇಳುತ್ತಾರೆ. ದುಡಿದವನಿಗೆ ದುಡಿದಷ್ಟು ಸಿಗಬೇಕು ಎಂದು ನಿಮ್ಮ ಹಮಾಲನಿಗೆ ನಾವು ಹೊಸದಾಗಿ ಕಲಿಸಬೇಕಾದದ್ದೇನಿಲ್ಲ. ಅವನು ಆ ಅಳತೆಯಿಂದಲೇ ನಿಮ್ಮನ್ನು ಅಳೆದ. ಇನ್ನು ಸಾಕ್ಷಿ ಎಂಬ ಮಾತು. ಕೋರ್ಟಿನಲ್ಲಿ ಸಾಕ್ಷಿಯ ಕೆಲಸ ತಾನು ಕಂಡದ್ದನ್ನು ಹೇಳುವುದು. ತಾನೇ ಚೆಂದ ಕಾಣಿಸುವುದು ಅವನ ಕೆಲಸವಲ್ಲ. ನಿಮ್ಮ ಚಿಂತೆ ನಿಮ್ಮ ಹೆಸರು ಕೆಟ್ಟಿತೆಂದೋ, ಆ ಮನುಷ್ಯನ ಮನಸ್ಸು ನೊಂದಿತೆಂದೋ, ಇದನ್ನು ನೀವೇ ಕೂತು ನೋಡಿಕೊಳ್ಳಿ. ನನಗೆ ಉತ್ತರ ಬೇಕಿಲ್ಲ.

ನಿವೃತ್ತ ಸ್ಟಾಫ್ ನರ್ಸ್, ಚಿತ್ರದುರ್ಗ

ಅಯ್ಯನವರು ನಾಲ್ಕರಷ್ಟು ಬೇಡ ಅಂದದ್ದು ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಬಡವರ ಮನೆಗೆ ದುಡ್ಡು ಹೋದ್ರೆ ಏನು ನಷ್ಟ? ಆದ್ರೆ ಕೊಡೋ ರೀತಿ ಮುಖ್ಯ ಅನ್ನೋದು ಹೌದು. ಆ ಹೆಣ್ಣುಮಗಳು ಕೇಳಿದ ಒಂದು ಪ್ರಶ್ನೆ ನಾವ್ಯಾರೂ ಕೇಳಲಿಲ್ಲ ನೋಡಿ, ಎಲ್ಲರೂ ಸಿಟ್ಟಿನ ಹಿಂದೆ ಬಿದ್ದಿದ್ವಿ. ನಾನೂ.

ಹಳೇ ದಾವಣಗೆರೆಯ ಗೃಹಿಣಿ

ಏನಾಯ್ತು ಅಂತ ಬಂದು ಹೇಳ್ರಿ ರೈಟ್ರೇ, ಅರ್ಧಕ್ಕೆ ಬಿಡಬೇಡಿ. ಬೈಕಿನ ವಿಷಯ ನಾನೂ ಆ ಮನೆಯವರ ಹತ್ತಿರ ಬಾಯಿ ಬಿಟ್ಟು ಹೇಳಿದೆ. ಹೇಳಿದ ಮೇಲೆ ಗೊತ್ತಾಯ್ತು, ಅವತ್ತು ಆಟೋ ಬಂದದ್ದೇ ಅವರಿಗೆ ತಿಳಿದಿರಲಿಲ್ಲವಂತೆ, ಒಳಗೆ ಹಾಡು ನಡೀತಿತ್ತಂತೆ. ಈ ಶುಕ್ರವಾರ ಒಬ್ಬ ಹುಡುಗನನ್ನ ಹೊರಗೆ ನಿಲ್ಲಿಸಿದ್ರು. ಪ್ರಸಾದದ ವಿಷಯ ಕೇಳೋಕೆ ನನಗಿನ್ನೂ ಧೈರ್ಯ ಬಂದಿಲ್ಲ.

ಕೇಳಿದವರು: ಮಂಡಿ ರೈಟರ್

ಶನಿವಾರದ ಬಟವಾಡೆ ಹೊತ್ತಿಗೇ ಮಾಡಿದೆ, ಎಲ್ಲರೂ ಸಾಲಾಗಿ ನಿಂತಿದ್ದಾಗ. ನಾಲ್ಕು ವಾಕ್ಯ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ, ಒಂದೂ ಬರಲಿಲ್ಲ. ಪುಸ್ತಕ ತಿರುಗಿಸಿ ಅವನ ಹೆಸರಿನ ಮುಂದೆ "ಕಡಿತ ತಪ್ಪು, ವಾಪಸ್ 300" ಅಂತ ಬರೆದದ್ದನ್ನ ತೋರಿಸಿದೆ. ಅವನಿಗೆ ಓದೋಕೆ ಬರಲ್ಲ ಅನ್ನೋದು ಆಗ ನೆನಪಾಯ್ತು. ಪಕ್ಕದವನು ಗಟ್ಟಿಯಾಗಿ ಓದಿದ. ಎಲ್ಲರಿಗೂ ಕೇಳಿಸ್ತು, ಅದೇ ಒಳ್ಳೇದಾಯ್ತು.

ಅವನು ದುಡ್ಡು ಎರಡು ಸಲ ಎಣಿಸಿದ.

"ಇದು ಚೀಲದ್ದು. ಬೈದದ್ದಕ್ಕೆ?"

"ಅದಕ್ಕೆ ಕೊಡೋಕೆ ನನ್ನ ಹತ್ರ ಏನೂ ಇಲ್ಲ. ತಪ್ಪಾಯ್ತು. ನಿಮ್ಮ ತಾಯಿಯ ಹೆಸರು ಎತ್ತಬಾರದಿತ್ತು."

ಅವನು ನನ್ನ ಮುಖ ನೋಡಲಿಲ್ಲ. ದುಡ್ಡು ಒಳಜೇಬಿಗೆ ಇಟ್ಟು, "ಅವ್ವ ತೀರ್ಕೊಂಡು ಆರ್ ವರ್ಷ ಆತು" ಅಂದ. ಆಮೇಲೆ, "ಚೀಟಿ ಗಾಳಿಗೆ ಹಾರ್ತಾವ್ ನೋಡ್ರಿ, ಕಲ್ಲಿಡ್ರಿ" ಅಂತ ಹೇಳಿ ಲಾರಿ ಕಡೆ ಹೋದ.

ಮಾಲೀಕರು ಪುಸ್ತಕ ನೋಡಿ ಇದೇನಿದು ಅಂತ ಕೇಳಿದ್ರು. ನನ್ನ ಸಂಬಳದಲ್ಲಿ ಹಿಡ್ಕೊಳ್ಳಿ ಅಂದೆ. ಹಿಡ್ಕೊಂಡ್ರು!

ಪ್ರಾರ್ಥನೆ ಮಾತು ಅವನೂ ಎತ್ತಿಲ್ಲ, ನಾನೂ ಎತ್ತಿಲ್ಲ. ಮಗ ಹೇಗಿದ್ದಾನೆ ಅಂತ ಮಾತ್ರ ಮೊನ್ನೆ ಕೇಳಿದೆ. ಶಾಲೆಗೆ ಹೋಗ್ತಾನೆ ಅಂದ. ನಿನ್ನೆ ಮತ್ತೆ ಒಂದು ಚೀಲ ಹರೀತು, ಬೇರೆಯವನ ಕೈಯಲ್ಲಿ. ನರ್ಸ್ ಅಕ್ಕ ಹೇಳಿದ ಹಾಗೆ ಬಾಯಿ ಮುಚ್ಚಿಕೊಂಡು ದಬ್ಬಣ ಸುತಳಿ ತಗೊಂಡು ನಾನೇ ಹೊಲಿಯೋಕೆ ಕೂತೆ. ಹೊಲಿಗೆ ಸೊಟ್ಟ ಬಂತು. ಇವನು ಬಂದು ಸ್ವಲ್ಪ ಹೊತ್ತು ನಿಂತು ನೋಡಿ, ನನ್ನ ಕೈಯಿಂದ ದಬ್ಬಣ ಇಸ್ಕೊಂಡು, ಹಾಕಿದ್ದನ್ನೆಲ್ಲಾ ಬಿಚ್ಚಿ ಮತ್ತೆ ಹೊಲಿದ.